ಬೆಂಗಳೂರಿನ 57 ಬಾಣಂತಿಯರು: ಹೆಪಾರಿನ್ ಚರಿತ್ರೆಯಲ್ಲಿ ಕಡೆಗಣಿತವಾದ ಒಂದು ಆಕರ

ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದಾಗ ಹೆಪಾರಿನ್ ಕೊಡಬೇಕೆಂಬ ತೀರ್ಮಾನಕ್ಕೆ ವೈದ್ಯಲೋಕ ಬಂದದ್ದು ಹೇಗೆ? ಈ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ: ಪ್ರಯೋಗಗಳು ಎರಡು, ರೋಗಿಗಳು 79. ಮೊದಲನೆಯದು ಜರ್ಮನಿಯ ಮ್ಯೂನಿಕ್ ನಗರದ ಐನ್‌ಹಾಯ್ಪ್ಲ್ ಮತ್ತು ಸಂಗಡಿಗರು 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ 20 ರೋಗಿಗಳ ಪ್ರಯೋಗ. ಎರಡನೆಯದು ನೆದರ್‌ಲ್ಯಾಂಡ್ಸಿನ ಡೆ ಬ್ರುಯ್ನ್ ಮತ್ತು ಸ್ಟಾಮ್ 1999ರಲ್ಲಿ ‘ಸ್ಟ್ರೋಕ್’ ಪತ್ರಿಕೆಯಲ್ಲಿ ಪ್ರಕಟಿಸಿದ 59 ರೋಗಿಗಳದು. ಇವೆರಡರ ನಡುವೆ, 1995ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಇದೇ ಕಾಯಿಲೆಗೆ ತುತ್ತಾದ 57 ಬಾಣಂತಿಯರಲ್ಲಿ ಹೆಪಾರಿನ್‌ನ ಯಾದೃಚ್ಛಿಕ ಪ್ರಯೋಗವೊಂದನ್ನು ನಡೆಸಿ ವರದಿ ಮಾಡಿದರು. ಅದು ‘ನಿಮ್ಹಾನ್ಸ್ ಜರ್ನಲ್’ನ 13ನೆಯ ಸಂಪುಟದಲ್ಲಿದೆ. ಮ್ಯೂನಿಕ್ ಪ್ರಯೋಗಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡದಾದ ಈ ಪ್ರಯೋಗ ಚರಿತ್ರೆಯಿಂದ ಜಾರಿಹೋದದ್ದು ಹೇಗೆಂಬುದೇ ಈ ಲೇಖನದ ವಿಷಯ.

ಎಣಿಕೆ ಎರಡಕ್ಕೆ ನಿಂತದ್ದು 2002ರ ಕಾಕ್ರೇನ್ ಸಮೀಕ್ಷೆಯಲ್ಲಿ. ಅದನ್ನು ದೂರುವ ಮೊದಲು ಅದರ ನಿಯಮವನ್ನು ನೋಡಬೇಕು. ರಕ್ತನಾಳಕ್ಕೆ ಕಾಂಟ್ರಾಸ್ಟ್ ಹಾಯಿಸಿ ತೆಗೆದ ಚಿತ್ರದಿಂದಲೋ ಎಂ.ಆರ್. ಚಿತ್ರದಿಂದಲೋ ರೋಗ ಖಚಿತವಾಗಿರಬೇಕು ಎಂಬುದು ಆ ನಿಯಮ. ಬೆಂಗಳೂರಿನಲ್ಲಿ ರೋಗ ಗುರುತಿಸಿದ್ದು ಸಿ.ಟಿ. ಸ್ಕ್ಯಾನ್‌ನಿಂದ ಮಾತ್ರ. ಅಂಕಿಗಳನ್ನು ಕೂಡಿಸಿ ಲೆಕ್ಕ ಹಾಕುವವರಿಗೆ ಇಂಥ ಗೆರೆಯೊಂದು ಬೇಕೇ ಬೇಕು. ಅದರ ಮೇಲೆ ನನ್ನ ತಕರಾರಿಲ್ಲ. ಲೆಕ್ಕದಿಂದ ಹೊರಗಿಟ್ಟದ್ದನ್ನು ನಡೆದೇ ಇಲ್ಲವೆಂಬಂತೆ ಓದಿಕೊಂಡ ಮುಂದಿನ ಬರಹಗಾರರ ಮೇಲೆ ನನ್ನ ತಕರಾರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರ ತನ್ನ ಹೇಳಿಕೆಯಲ್ಲಿ ಬೆಂಗಳೂರಿನ ಪ್ರಯೋಗದ ಸಾರಾಂಶವನ್ನು ಕೊಟ್ಟಿದೆ. ಆದ್ದರಿಂದ ಆಕರ ಕೈಗೆ ಸಿಗುವಂತಿರಲಿಲ್ಲ ಎಂಬ ನೆಪಕ್ಕೆ ಆಧಾರವಿಲ್ಲ.

ಪ್ರಯೋಗದ ವಿಧಾನ ಸರಳವಾದದ್ದು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಂಡವರನ್ನು ಸೇರಿಸಿಕೊಳ್ಳಲಿಲ್ಲ. ಒಂದು ಗುಂಪಿಗೆ ಆರು ಗಂಟೆಗೊಮ್ಮೆ ಚರ್ಮದಡಿಗೆ 5000 ಯೂನಿಟ್ ಹೆಪಾರಿನ್ ಚುಚ್ಚಿ, ರಕ್ತ ಹೆಪ್ಪುಗಟ್ಟುವ ಅವಧಿ ಮೊದಲಿದ್ದುದಕ್ಕಿಂತ ಒಂದೂವರೆ ಪಟ್ಟು ಆಗುವಂತೆ ಪ್ರಮಾಣವನ್ನು ಹೊಂದಿಸಿದರು. ಹೆರಿಗೆಯ ನಂತರ ಕನಿಷ್ಠ 30 ದಿನ ಇದು ನಡೆಯಬೇಕಿತ್ತು. ಹೆಪಾರಿನ್ ಪಡೆಯದ ಗುಂಪಿನಲ್ಲಿ ಮೂವರು ಸತ್ತರು ಇಲ್ಲವೇ ಅವರಲ್ಲಿ ಪಾರ್ಶ್ವ ದೌರ್ಬಲ್ಯ ಉಳಿಯಿತು. ಹೆಪಾರಿನ್ ಪಡೆದವರಲ್ಲಿ ಹಾಗಾದವರು ಒಬ್ಬರೂ ಇಲ್ಲ.

ಈಗ ಸಿ.ಟಿ.ಯ ಪ್ರಶ್ನೆ. ಬರೀ ಸಿ.ಟಿ. ನಂಬಿದರೆ ಕಾಯಿಲೆ ಇಲ್ಲದವರೂ ಪ್ರಯೋಗದೊಳಗೆ ಬಂದಿರಬಹುದು ಎಂಬುದು ಆಕ್ಷೇಪ. ಆದರೆ ಈ ಕಾಯಿಲೆಯಲ್ಲಿ ಸಿ.ಟಿ.ಯ ದೊಡ್ಡ ದೋಷ ಇದಕ್ಕೆ ತಿರುವುಮುರುವಾದದ್ದು. ಕಾಂಟ್ರಾಸ್ಟ್ ಕೊಟ್ಟು ತೆಗೆದ ಸ್ಕ್ಯಾನ್‌ನಲ್ಲಿ ಮೆದುಳಿನ ಮೇಲಿನ ದೊಡ್ಡ ಸಿರಾನಾಳದ ಹಿಂಭಾಗ ಖಾಲಿ ತ್ರಿಕೋನದಂತೆ ಕಂಡರೆ ಅದು ಬಲವಾದ ಸಾಕ್ಷಿ. ಆದರೆ ಬಹುಪಾಲು ರೋಗಿಗಳಲ್ಲಿ ಅದು ಕಾಣುವುದೇ ಇಲ್ಲ. ಗಣನೀಯ ಸಂಖ್ಯೆಯ ರೋಗಿಗಳ ಸ್ಕ್ಯಾನ್ ಪೂರ್ತಿ ಸಹಜವಾಗಿರುತ್ತದೆ. ಎಂದರೆ ಸಿ.ಟಿ. ಇಲ್ಲದ ರೋಗವನ್ನು ತೋರಿಸುವುದಕ್ಕಿಂತ ಇರುವ ರೋಗವನ್ನು ಕಾಣದೆ ಬಿಡುವುದೇ ಹೆಚ್ಚು. ಜೊತೆಗೆ ಬಂದವರು ಯಾರೆಂಬುದನ್ನು ಮರೆಯಬಾರದು: ಹೆತ್ತ ಕೆಲವೇ ದಿನ ಅಥವಾ ವಾರಗಳಲ್ಲಿ ತಲೆನೋವು, ಫಿಟ್ಸ್, ಒಂದು ಕಡೆಯ ಕೈಕಾಲು ಬೀಳುವುದು ಇಂಥ ಲಕ್ಷಣಗಳೊಡನೆ ನರರೋಗದ ಆಸ್ಪತ್ರೆಗೆ ಸೇರುವ ಹೆಂಗಸರು. ಇಂಥವರಲ್ಲಿ ಈ ಕಾಯಿಲೆಯ ಸಂಭವವೇ ಹೆಚ್ಚು. ಎಕ್ಲಾಂಪ್ಸಿಯಾ ಕೆಲವೊಮ್ಮೆ ಇದೇ ವೇಷದಲ್ಲಿ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಅಷ್ಟರಮಟ್ಟಿಗೆ ಸಂದೇಹ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿಗೆ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಹೆಪಾರಿನ್ ಇಲ್ಲದ ಗುಂಪಿನಲ್ಲೂ ಕೆಟ್ಟದ್ದಾದದ್ದು ಮೂವರಿಗೆ ಮಾತ್ರ. ಇಷ್ಟು ಜನ ತಾವಾಗಿ ಚೇತರಿಸಿಕೊಂಡರೆಂದರೆ ಅವರಿಗಿದ್ದದ್ದು ಆ ಕಾಯಿಲೆಯೇ ಅಲ್ಲ ಎಂಬ ವಾದ. ಬಾಣಂತಿಯರ ರೋಗಗತಿಯನ್ನು ಬೇರೆ ರೋಗಿಗಳ ರೋಗಗತಿಯೊಡನೆ ಬೆರೆಸಿದ್ದರಿಂದ ಹುಟ್ಟಿದ ತಪ್ಪು ಇದು. ಮೆಕ್ಸಿಕೊದ ಕಾಂಟೂ ಮತ್ತು ಬಾರಿನಗಾರೆಮೆಂಟೇರಿಯಾ 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ಪಕ್ಕದಲ್ಲಿಟ್ಟು ಓದಬೇಕು. ಗರ್ಭಿಣಿ ಹಾಗೂ ಬಾಣಂತಿಯರಾದ 67 ಮಂದಿಯನ್ನು ಇತರ ಕಾರಣಗಳಿಂದ ಇದೇ ಕಾಯಿಲೆ ಬಂದವರೊಡನೆ ಅವರು ಹೋಲಿಸಿದರು. ಮೊದಲ ಗುಂಪಿನಲ್ಲಿ ಸತ್ತವರು ಶೇ. 9, ಎರಡನೆಯದರಲ್ಲಿ ಶೇ. 33. ಬಾಣಂತಿಯರಲ್ಲಿ ಕಾಯಿಲೆ ಥಟ್ಟನೆ ಎರಗುತ್ತದೆ, ಆದರೆ ಬದುಕುಳಿಯುವವರು ಹೆಚ್ಚು. ರಕ್ತಸ್ರಾವದವರನ್ನು ಮೊದಲೇ ಹೊರಗಿಟ್ಟ ಬೆಂಗಳೂರಿನ ಗುಂಪಿನಲ್ಲಿ ಸಾವುನೋವು ಇನ್ನೂ ಕಡಿಮೆಯಾದದ್ದು ನಿರೀಕ್ಷಿತವೇ. ಇದೇ ತರ್ಕ ನನ್ನ ಪಕ್ಷಕ್ಕೂ ಕಡಿವಾಣ ಹಾಕುತ್ತದೆ: ತಾವಾಗಿ ಗುಣವಾಗುವವರು ಹೆಚ್ಚಿರುವ ಕಡೆ ಮದ್ದಿನ ಗುಣವನ್ನು ಸಾಬೀತುಪಡಿಸುವುದು ಕಷ್ಟ. ಮೂರಕ್ಕೆ ಸೊನ್ನೆ ಎಂಬ ಅಂತರ ಪುರಾವೆಯಾಗಲಾರದು.

ಹಾಗೆ ನೋಡಿದರೆ ಪುರಾವೆ ಯಾರ ಬಳಿ ಇತ್ತು? ಎರಡು ಐರೋಪ್ಯ ಪ್ರಯೋಗಗಳನ್ನು ಕೂಡಿಸಿದಾಗ ಸಾವಿನ ಸಾಪೇಕ್ಷ ಅಪಾಯ 0.33 ಎಂದು ಬಂತು; ಅದರ ವಿಶ್ವಾಸ ವ್ಯಾಪ್ತಿ 0.08ರಿಂದ 1.21. ವ್ಯಾಪ್ತಿ ಒಂದನ್ನು ದಾಟುತ್ತದೆ, ಅಂದರೆ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಅದೂ ಖಚಿತವಲ್ಲ. ಮ್ಯೂನಿಕ್‌ನಲ್ಲಿ ಕಾಯಿಲೆ ಶುರುವಾದ ಸರಾಸರಿ ಸುಮಾರು ಒಂದು ತಿಂಗಳ ಮೇಲೆ ಮದ್ದು ಆರಂಭಿಸಿದ್ದನ್ನು ಪ್ರಶ್ನಿಸಿದವರಿದ್ದಾರೆ. ಆದರೂ ಆ ಪ್ರಯೋಗ ಚರಿತ್ರೆಯಲ್ಲಿ ಉಳಿಯಿತು, ಉಳಿಯಬೇಕಾದದ್ದೇ. ಬೆಂಗಳೂರಿನದಕ್ಕೆ ಮಾತ್ರ ಬೇರೆ ಅಳತೆಗೋಲು ಹಿಡಿದದ್ದು ನ್ಯಾಯವಲ್ಲ. ಫಲಿತಾಂಶ ನೋಡಿದವರಿಗೆ ಯಾರು ಯಾವ ಗುಂಪಿನವರೆಂದು ಗೊತ್ತಿತ್ತು ಎಂಬ ಕೊರತೆ ನಿಜ. ಆದರೆ ಸಾವನ್ನು ಎಣಿಸುವಾಗ ನೋಡುವವರ ಒಲವಿಗೆ ಜಾಗವಿರುವುದಿಲ್ಲ. ಉಳಿದ ದೌರ್ಬಲ್ಯವನ್ನು ಅಳೆಯುವಾಗ ಇರಬಹುದು.

ವಿಮರ್ಶಕರು ಓದದೆ ಬಿಟ್ಟ ವಿವರವೊಂದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಮದ್ದಿನ 30 ದಿನವನ್ನು ಎಣಿಸಿದ್ದು ಹೆರಿಗೆಯ ದಿನದಿಂದ, ಕಾಯಿಲೆ ಬಂದ ದಿನದಿಂದಲ್ಲ. ಹೆರಿಗೆಯ ರಕ್ತಸ್ರಾವವನ್ನು ತಡೆಯಲೆಂದು ತಾಯಿಯ ರಕ್ತ ಬಸಿರಿನ ಕಾಲದಲ್ಲೇ ಹೆಚ್ಚು ಹೆಪ್ಪುಗಟ್ಟುವಂತಾಗಿರುತ್ತದೆ, ಹೆತ್ತ ಮೇಲೂ ಕೆಲವು ವಾರ ಹಾಗೆಯೇ ಇರುತ್ತದೆ. ಆ ಅವಧಿ ದಾಟುವವರೆಗೆ ಕಾಪಾಡಬೇಕೆಂಬ ತಿಳಿವಳಿಕೆ ಈ ಎಣಿಕೆಯಲ್ಲಿದೆ. ಐರೋಪ್ಯ ಪ್ರಯೋಗಗಳು ಎಲ್ಲ ಕಾರಣಗಳ ರೋಗಿಗಳನ್ನೂ ಒಟ್ಟಿಗೆ ಸೇರಿಸಿಕೊಂಡಿದ್ದರಿಂದ ಅಲ್ಲಿ ಈ ಪ್ರಶ್ನೆ ಏಳುವಂತೆಯೇ ಇರಲಿಲ್ಲ. ಇಂದಿನ ಮಾರ್ಗಸೂಚಿಗಳು ಹೆರಿಗೆಯ ನಂತರ ಕನಿಷ್ಠ 6 ವಾರ ಎನ್ನುತ್ತವೆ. 30 ದಿನ ಅದಕ್ಕೆ ಕಡಿಮೆ ಬಿದ್ದರೂ, ಹೆರಿಗೆಯಿಂದಲೇ ಎಣಿಸಬೇಕೆಂಬ ದಿಕ್ಕು ಒಂದೇ.

ಈ ಪ್ರಯೋಗ ಶೂನ್ಯದಿಂದ ಹುಟ್ಟಿದ್ದೂ ಅಲ್ಲ. ಮೆದುಳಿನ ಅಭಿಧಮನಿಯ ಹೆಪ್ಪಿಗೆ ಹೆಪಾರಿನ್ ಕೊಟ್ಟ ಮೊದಲ ವರದಿಯೆಂದು ಹೆಸರಾದ, ಸ್ಟಾನ್ಸ್‌ಫೀಲ್ಡ್ 1942ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದ ಟಿಪ್ಪಣಿ ಬಾಣಂತಿಯ ಚಿಕಿತ್ಸೆಯದೇ. 1983ರಲ್ಲಿ ಕೆ. ಶ್ರೀನಿವಾಸನ್ ಬಸಿರಿ-ಬಾಣಂತಿಯರಾದ 135 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದ್ದರು. ಬಾಣಂತಿಯರ ವಿಷಯದಲ್ಲಿ ಅನುಭವ ದಟ್ಟವಾಗಿದ್ದದ್ದು ದಕ್ಷಿಣ ಭಾರತ, ಮೆಕ್ಸಿಕೊದಂಥ ಕಡೆ. ಚರಿತ್ರೆ ಬರೆಯುವವರು ನೋಡಿದ್ದು ಬೇರೆ ಕಡೆ.

ಆದ್ದರಿಂದ ಪ್ರಯೋಗಗಳು ಮೂರು, ರೋಗಿಗಳು 136 ಎಂದು ಬರೆಯುವುದು ಸರಿ. ಮೂರನೆಯದರ ಮಿತಿಗಳನ್ನು ಅದರ ಪಕ್ಕದಲ್ಲೇ ಬರೆಯಲಿ. ‘ನಿಮ್ಹಾನ್ಸ್ ಜರ್ನಲ್’ನ ಹಳೆಯ ಸಂಪುಟಗಳು ಎಲ್ಲ ಓದುಗರಿಗೂ ಸುಲಭವಾಗಿ ಸಿಗುವಂತಾಗಬೇಕು. ಆ 57 ಮಂದಿಯ ಸ್ಕ್ಯಾನ್‌ಗಳೂ ದಾಖಲೆಗಳೂ ಉಳಿದಿದ್ದರೆ, ಅವರ ಗುರುತು ಬಿಟ್ಟುಕೊಡದೆ, ಇಂದಿನ ನರರೋಗ ತಜ್ಞರೊಬ್ಬರು ಅವನ್ನು ಮತ್ತೆ ಓದಬೇಕೆಂದು ಕೋರುತ್ತೇನೆ.