14 ಔನ್ಸಿನ ಪೌಂಡು

1797ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನೆದುರು, ಸ್ಪಿಟ್‌ಹೆಡ್ ಎಂಬಲ್ಲಿ ತಂಗಿದ್ದ ಬ್ರಿಟಿಷ್ ನೌಕಾಪಡೆಯ ನಾವಿಕರು ಲಂಗರು ಎತ್ತುವುದಿಲ್ಲವೆಂದು ಕೂತರು. ಫ್ರಾನ್ಸಿನ ಮೇಲೆ ಯುದ್ಧ ನಡೆಯುತ್ತಿದ್ದ ಹೊತ್ತು ಅದು. ಮೊದಲ ಬೇಡಿಕೆ ಸಂಬಳದ್ದು; ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದು ಇದ್ದಲ್ಲೇ ಇತ್ತು. ಅದರ ಬೆನ್ನಿಗೇ ಬಂದ ಬೇಡಿಕೆ ಇಂದಿನವರಿಗೆ ವಿಚಿತ್ರ ಅನ್ನಿಸೀತು: ಒಂದು ಪೌಂಡು ಎಂದರೆ 16 ಔನ್ಸ್ ಇರಬೇಕು, ದಡದ ಅಂಗಡಿಯಲ್ಲಿರುವ ಅಳತೆಯೇ ಹಡಗಿನಲ್ಲೂ ಇರಬೇಕು. ದಡದಲ್ಲಿ ಪೌಂಡಿಗೆ 16 ಔನ್ಸ್ ತೂಗುತ್ತಿದ್ದ ಬೆಣ್ಣೆ, ಗಿಣ್ಣು ಹಡಗು ಹತ್ತಿದ ಕೂಡಲೇ 14ಕ್ಕೆ ಇಳಿಯುತ್ತಿತ್ತು. ಉಳಿದ ಎರಡು ಔನ್ಸ್, ಅಂದರೆ ಎಂಟನೆಯ ಒಂದು ಪಾಲು, ಹಡಗಿನ ಉಗ್ರಾಣ ಮತ್ತು ಲೆಕ್ಕ ಎರಡನ್ನೂ ನೋಡಿಕೊಳ್ಳುತ್ತಿದ್ದ ಪರ್ಸರ್ ಎಂಬ ಅಧಿಕಾರಿಯ ಪಾಲು. ಸರ್ಕಾರ ಮಣಿಯಿತು, ತೂಕ ಸರಿಹೋಯಿತು. ಇಂದು ಕ್ರೂಸ್ ಹಡಗಿನಲ್ಲಿ ವಾರದ ವಿಹಾರ ಮುಗಿಸುವವರಿಗೆ ಕೊನೆಯ ರಾತ್ರಿ ಒಂದು ಲೆಕ್ಕದ ಹಾಳೆ ಬರುತ್ತದೆ, ಇಲ್ಲವೇ ಫೋನಿನಲ್ಲಿ ಮೂಡುತ್ತದೆ. ಅದನ್ನು ಸಾಲು ಬಿಡದೆ ಓದುವವರನ್ನು ಜೊತೆಯವರು ಜಿಪುಣರೆಂದು ನಗುವುದೂ ಉಂಟು. ಆದರೆ ಆ ಓದು ಸ್ಪಿಟ್‌ಹೆಡ್ಡಿನ ತಕ್ಕಡಿಯ ಜಗಳದ್ದೇ ಮುಂದುವರಿಕೆ. ಹಡಗಿನಲ್ಲಿ ಮಾರುವವನು, ಅಳೆಯುವವನು, ಬರೆದಿಡುವವನು ಒಬ್ಬನೇ. ಕೊಳ್ಳುವವನಿಗೆ ಬೇರೆ ಅಂಗಡಿಯಿಲ್ಲ, ನೆಲವೂ ಇಲ್ಲ. ಇಂಥ ಕಡೆ ಲೆಕ್ಕ ನೇರವಾಗಿ ಉಳಿದದ್ದು ಬರೆಯುವವನ ಪ್ರಾಮಾಣಿಕತೆಯ ಬಲದಿಂದ ಅಲ್ಲವೆಂದೂ, ಅವನ ಕೈಗೆ ಸಿಗದ ಎರಡನೆಯದೊಂದು ದಾಖಲೆ ಇದ್ದಾಗ ಮಾತ್ರವೆಂದೂ ಇತಿಹಾಸ ತೋರಿಸುತ್ತದೆ. ನಮ್ಮ ಕಾಲದಲ್ಲಿ ಕಣ್ಮರೆಯಾಗುತ್ತಿರುವುದು ಆ ಎರಡನೆಯ ದಾಖಲೆಯೇ.

ಪರ್ಸರ್ ಎಂದರೆ ಕಳ್ಳ ಎಂಬುದು ನಾವಿಕರ ಹಾಡುಹರಟೆಗಳಲ್ಲಿ ಗಟ್ಟಿಯಾಗಿ ಬೇರೂರಿದ ಮಾತು. ಇತಿಹಾಸಕಾರ ಎನ್.ಎ.ಎಂ. ರಾಡ್ಜರ್ ತಮ್ಮ 1986ರ ಪುಸ್ತಕ 'ದಿ ವುಡನ್ ವರ್ಲ್ಡ್'ನಲ್ಲಿ ಇದಕ್ಕೆ ತಕರಾರು ಎತ್ತಿದರು. ಅವರ ವಾದದಲ್ಲಿ ತಿರುಳಿದೆ. ಆ ಎಂಟನೆಯ ಪಾಲು ಕದ್ದದ್ದಲ್ಲ, ಸರ್ಕಾರವೇ ಒಪ್ಪಿದ್ದ ರಿಯಾಯಿತಿ. ಪೀಪಾಯಿಯಲ್ಲಿ ಬಿಯರ್ ಸೋರುತ್ತದೆ, ರೊಟ್ಟಿಗೆ ಹುಳು ಬೀಳುತ್ತದೆ, ಬೆಣ್ಣೆ ಮುಗ್ಗುತ್ತದೆ. ಈ ನಷ್ಟವನ್ನೆಲ್ಲ ತುಂಬಿಕೊಳ್ಳಲು ಕೊಟ್ಟದ್ದು. ಪರ್ಸರ್ ಕೆಲಸಕ್ಕೆ ಸೇರುವಾಗಲೇ ದೊಡ್ಡ ಮೊತ್ತದ ಜಾಮೀನು ಕಟ್ಟಬೇಕಿತ್ತು. ದೀಪದ ಬತ್ತಿ, ಸೌದೆಯಂಥ ಸಾಮಾನನ್ನು ತನ್ನ ದುಡ್ಡಿನಿಂದಲೇ ತರಬೇಕಿತ್ತು. ಲೆಕ್ಕ ಒಪ್ಪಿಸುವಾಗ ಒಂದು ರಸೀದಿ ಕಡಿಮೆ ಬಿದ್ದರೂ ಅದು ಅವನ ತಲೆಗೇ. ಸ್ಯಾಮ್ಯುಯೆಲ್ ಪೀಪ್ಸ್, ನೌಕಾಪಡೆಯ ಕಚೇರಿಯಲ್ಲಿದ್ದ ಆ ಪ್ರಸಿದ್ಧ ದಿನಚರಿಕಾರ, 1665ರಲ್ಲೇ ಇದನ್ನು ಕಂಡಿದ್ದ: ಇರುವ ಪದ್ಧತಿಯಲ್ಲಿ ಮೋಸ ಮಾಡದ ಪರ್ಸರ್‌ಗೆ ನಷ್ಟ ಕಟ್ಟಿಟ್ಟದ್ದು ಎಂಬುದು ಅವನ ತೀರ್ಮಾನ. ರಾಡ್ಜರ್ ಪರ್ಸರ್‌ನನ್ನು ಕಾಪಾಡಿದರು, ಸರಿ. ಆದರೆ ಪದ್ಧತಿಯನ್ನು ಕಾಪಾಡಲು ಈ ಸಾಕ್ಷ್ಯದಿಂದ ಆಗುವುದಿಲ್ಲ. ತನ್ನ ನಷ್ಟವನ್ನು ಗಿರಾಕಿಯ ತಟ್ಟೆಯಿಂದ ತುಂಬಿಕೊಳ್ಳಬೇಕಾದ ಮನುಷ್ಯನ ಕೈಗೇ ತಕ್ಕಡಿಯನ್ನೂ ಲೇಖನಿಯನ್ನೂ ಕೊಟ್ಟರೆ, ಅವನು ಸಂತನಾಗಿದ್ದರೂ ಮುಳ್ಳು ಒಂದೇ ಕಡೆಗೆ ವಾಲುತ್ತದೆ.

ತಟ್ಟೆಯದು ಕಣ್ಣಿಗೆ ಕಾಣುವ ಕಡಿತ. ಪುಸ್ತಕದೊಳಗಿನದು ಇನ್ನೂ ಸೂಕ್ಷ್ಮ. ನಾವಿಕನಿಗೆ ಸಮುದ್ರದಲ್ಲಿ ಸಂಬಳ ಸಿಗುತ್ತಿರಲಿಲ್ಲ. ಹಡಗು ತಾಯ್ನಾಡಿಗೆ ಮರಳಿ ಬಟವಾಡೆಯಾಗುವವರೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ಅಂಗಿ ಹರಿದರೆ ಹೊಸದು, ಬಾಯಿಗೆ ಹೊಗೆಸೊಪ್ಪು, ಎಲ್ಲವೂ ಪರ್ಸರ್‌ನಿಂದ ಉದ್ರಿ. ಸತ್ತವನ ಬಟ್ಟೆಬರೆಯನ್ನು ಕೂವೆಕಂಬದ ಬುಡದಲ್ಲಿ ಹರಾಜು ಹಾಕಿದರೆ ಅದರ ಬೆಲೆಯೂ ಉದ್ರಿಯೇ. ಹಡಗಿನ ಹಾಜರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಬಟ್ಟೆಗೊಂದು, ಹೊಗೆಸೊಪ್ಪಿಗೊಂದು, ಸತ್ತವರ ಬಟ್ಟೆಗೊಂದು ಕಾಲಂ ಇರುತ್ತಿತ್ತು. ಬಟವಾಡೆಯ ದಿನ ಇವೆಲ್ಲ ಕಳೆದು ಉಳಿದದ್ದು ಕೈಗೆ. ಎಷ್ಟು ಸೊಪ್ಪು ಅಗಿದೆ ಎಂದು ಎರಡು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ? ಪರ್ಸರ್ ಸತ್ತವರ ಬಾಯಲ್ಲೂ ಹೊಗೆಸೊಪ್ಪು ಅಗಿಸುತ್ತಾನೆ ಎಂಬ ಗಾದೆ ಹುಟ್ಟಿದ್ದು ಇಲ್ಲೇ. ಸತ್ತವನ ಹೆಸರಿನ ಮುಂದೆ ಸೊಪ್ಪು ಬರೆದರೆ ತಕರಾರು ಮಾಡಲು ಅವನು ಎದ್ದುಬರುವುದಿಲ್ಲವಲ್ಲ. ಅಮೆರಿಕದ ನ್ಯೂ ಬೆಡ್‌ಫರ್ಡ್‌ನಿಂದ ಹೊರಡುತ್ತಿದ್ದ ತಿಮಿಂಗಿಲ ಬೇಟೆಯ ಹಡಗುಗಳಲ್ಲೂ ಇದೇ ಕಥೆ. ಅಲ್ಲಿ ಸಂಬಳವಿಲ್ಲ, ಎಣ್ಣೆಯ ಮಾರಾಟದಲ್ಲಿ ಪಾಲು. ಮೂರು ನಾಲ್ಕು ವರ್ಷದ ಬೇಟೆ ಮುಗಿಸಿ ಬಂದವನ ಪಾಲಿನಿಂದ ಮುಂಗಡ, ಬಡ್ಡಿ, ಹಡಗಿನ ಪೆಟ್ಟಿಗೆ ಅಂಗಡಿಯ ಬಾಕಿ ಎಲ್ಲ ಕಳೆದಾಗ ಅವನೇ ಮಾಲೀಕನಿಗೆ ಸಾಲಗಾರನಾಗಿ ನಿಂತ ಉದಾಹರಣೆಗಳು ಆ ಕಾಲದ ಲೆಕ್ಕಪುಸ್ತಕಗಳಲ್ಲಿ ಸಿಗುತ್ತವೆ.

ವ್ಯಾಪಾರಿ ಹಡಗುಗಳ ಮಟ್ಟಿಗೆ ಈ ರೋಗಕ್ಕೆ ಮದ್ದು ಕೊಟ್ಟದ್ದು ಬ್ರಿಟನ್ನಿನ 1854ರ ವಾಣಿಜ್ಯ ನೌಕಾ ಕಾಯಿದೆ. ಅದು ಹಡಗಿನ ಕಪ್ತಾನನಿಗೆ ಪ್ರಾಮಾಣಿಕನಾಗಿರು ಎಂದು ಬೋಧಿಸಲಿಲ್ಲ. ಬಟವಾಡೆಗೆ 24 ಗಂಟೆ ಮೊದಲೇ ಸಂಬಳದ ಮತ್ತು ಎಲ್ಲ ಕಡಿತಗಳ ಪೂರ್ಣ ಲೆಕ್ಕ ಕೊಡಬೇಕು ಎಂದಿತು. ಕಡಿತಗಳನ್ನು ಕೊನೆಯಲ್ಲಿ ಕೂತು ನೆನಪಿಸಿಕೊಂಡು ಬರೆಯುವಂತಿಲ್ಲ, ಪ್ರಯಾಣದ ಉದ್ದಕ್ಕೂ ಆದಾಗಲೇ ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು, ಕೇಳಿದರೆ ತೋರಿಸಬೇಕು ಎಂದಿತು. ಕೊಟ್ಟ ಲೆಕ್ಕದಲ್ಲಿ ಇಲ್ಲದ ಕಡಿತ ಆಮೇಲೆ ಹುಟ್ಟಿಕೊಂಡರೆ ನಡೆಯದು. ನನ್ನ ಕಣ್ಣಿಗೆ ಇಡೀ ಹತ್ತೊಂಬತ್ತನೆಯ ಶತಮಾನದ ಕಡಲ ಕಾನೂನಿನಲ್ಲಿ ಇಷ್ಟು ಜಾಣ ಕಲಮು ಕಡಿಮೆ. ಆ 24 ಗಂಟೆ ನಾವಿಕನಿಗೆ ಓದಲು, ಓದು ಬಾರದಿದ್ದರೆ ಓದಿಸಿಕೊಳ್ಳಲು, ಜೊತೆಯವನ ಲೆಕ್ಕದೊಡನೆ ಹೋಲಿಸಲು ಸಿಕ್ಕ ಕಾಲ. ಸ್ವತಂತ್ರ ಭಾರತದ 1958ರ ವಾಣಿಜ್ಯ ನೌಕಾ ಕಾಯಿದೆಗೂ ಈ ನಿಯಮ ಇಳಿದು ಬಂತು. ಅಮೆರಿಕ 1884ರಲ್ಲಿ ಇನ್ನೊಂದು ದಾರಿ ಹಿಡಿದು, ಹಡಗಿನ ಅಂಗಡಿಯ ಲಾಭಕ್ಕೇ ಮಿತಿ ಹಾಕಿತು: ಸಗಟು ಬೆಲೆಯ ಮೇಲೆ ಶೇ. 10 ಮೀರುವಂತಿಲ್ಲ.

ಪ್ರಯಾಣಿಕರ ಕಥೆ ಬೇರೆ, ಅವರಿಗೆ ಕಾಯಿದೆಯ ಆಸರೆ ಬರಲಿಲ್ಲ, ಬಂದದ್ದು ಚೀಟಿ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಓಡಾಡುತ್ತಿದ್ದ ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಮೊದಲ ದಶಕಗಳಲ್ಲಿ ವೈನಿನ ಬೆಲೆ ಟಿಕೆಟ್ಟಿನಲ್ಲೇ ಸೇರಿತ್ತು. ಮುಂದೆ ಅದು ಪ್ರತ್ಯೇಕವಾಯಿತು. ಬೇಕಾದವರು ಚೀಟಿಗೆ ಸಹಿ ಹಾಕಿ ಕುಡಿದು ಆಮೇಲೆ ಚುಕ್ತಾ ಮಾಡುವ ರೂಢಿ ಬಂತು. ಚೀಟಿ ಎಂಬ ಆ ಮಾತು ಇಂಗ್ಲಿಷಿಗೆ ಹೋದದ್ದು ಭಾರತದಿಂದಲೇ. 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ನಮಗೆ ಚೀಟಿ ಎಂದರೆ ಮೊದಲು ನೆನಪಾಗುವುದು ತಿಂಗಳ ಚೀಟಿಯ ವ್ಯವಹಾರ. ಅವರಿಗೆ ಅದು ಕ್ಲಬ್ಬು, ಹಡಗುಗಳ ಉದ್ರಿ ಕಾಗದ. ಇಲ್ಲಿ ಬೆಂಗಳೂರಿನ ಒಂದು ದಾಖಲೆ ತಾನಾಗಿ ಎದುರು ಬರುತ್ತದೆ. ಈಗಿನ ಬೆಂಗಳೂರು ಕ್ಲಬ್ಬಿನ 1899ರ ನಡಾವಳಿ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ, ದಂಡಿನಲ್ಲಿದ್ದ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದಿದೆ. ಪ್ರವಾಸಿಗರಿಗೆ ಅದು ತಮಾಷೆಯ ವಸ್ತು. ಲೆಕ್ಕದ ಇತಿಹಾಸದಲ್ಲಿ ಅದಕ್ಕೆ ಬೇರೆ ಅರ್ಥವಿದೆ: ಚೀಟಿಯ ಪದ್ಧತಿಯಲ್ಲಿ ಅಪಾಯ ಎರಡೂ ಕಡೆಗಿತ್ತು. ಗಿರಾಕಿ ಸಹಿ ಹಾಕಿದ ಕಾಗದವಿಲ್ಲದೆ ಮಾರುವವನು ಹಣ ಕೇಳುವಂತಿರಲಿಲ್ಲ. ಕಾಗದವಿದ್ದರೂ ಗಿರಾಕಿ ಊರು ಬಿಟ್ಟರೆ 13 ರೂಪಾಯಿ ಹೋದಂತೆಯೇ. ಹಾಗಾಗಿ ಇಬ್ಬರಿಗೂ ಲೆಕ್ಕ ಆಗಾಗ ಮುಗಿಸುವ ಅವಸರವಿತ್ತು. 1912ರ ಟೈಟಾನಿಕ್‌ನಲ್ಲಿ ಹಲವು ಸೌಲಭ್ಯಗಳಿಗೆ ಚೀಟಿಯೂ ಬೇಕಿರಲಿಲ್ಲ. ಟರ್ಕಿಷ್ ಸ್ನಾನಕ್ಕೆ 4 ಶಿಲಿಂಗ್, ನಿಸ್ತಂತು ಸಂದೇಶದ ಮೊದಲ ಹತ್ತು ಪದಕ್ಕೆ 12 ಶಿಲಿಂಗ್ 6 ಪೆನ್ಸ್. ವಿಚಾರಣೆಯ ಕಿಟಕಿಯಲ್ಲಿ ಹಣ ಕೊಟ್ಟರೆ ಮುಗಿಯಿತು. ದುಬಾರಿಯೇ, ಆದರೆ ತಪ್ಪು ಬರೆಯಲು ಜಾಗವಿರಲಿಲ್ಲ.

ಇಂದಿನ ಕ್ರೂಸ್ ಈ ಎರಡೂ ದಾರಿಗಳನ್ನು ಬಿಟ್ಟು ಮತ್ತೆ ಪರ್ಸರ್‌ನ ಪುಸ್ತಕಕ್ಕೆ ಮರಳಿದೆ. ಹಡಗು ಹತ್ತುವಾಗಲೇ ಕ್ರೆಡಿಟ್ ಕಾರ್ಡು ದಾಖಲಾಗುತ್ತದೆ. ಬ್ಯಾಂಕಿನಲ್ಲಿ ಒಂದಷ್ಟು ಹಣ ಮೊದಲೇ ತಡೆಹಿಡಿಯಲ್ಪಡುತ್ತದೆ. ಆಮೇಲೆ ನಗದು ನಡೆಯದು: ಕ್ಯಾಬಿನ್ನಿನ ಬಾಗಿಲು ತೆಗೆಯುವ ಕಾರ್ಡೇ ಬಾರಿನಲ್ಲಿ, ಅಂಗಡಿಯಲ್ಲಿ, ಫೋಟೊ ಕಟ್ಟೆಯಲ್ಲಿ ಹಣದ ಕೆಲಸ ಮಾಡುತ್ತದೆ. ಪ್ರಿನ್ಸೆಸ್ ಕಂಪನಿ 2017ರಲ್ಲಿ ತಂದ ಪದಕವನ್ನಂತೂ ಕೊರಳಿಗೆ ಹಾಕಿಕೊಂಡರೆ ಸಾಕು. ಇದರ ಹಿಂದಿನ ಲೆಕ್ಕಾಚಾರ ಸಣ್ಣದಲ್ಲ. ಕಾರ್ನಿವಲ್ ಸಮೂಹದ 2019ರ ಆದಾಯ ಸುಮಾರು 20.8 ಶತಕೋಟಿ ಡಾಲರ್. ಅದರಲ್ಲಿ ಸುಮಾರು 6.3 ಶತಕೋಟಿ ಟಿಕೆಟ್ಟಿನದಲ್ಲ, ಹಡಗಿನೊಳಗಿನ ಮಾರಾಟ ಮೊದಲಾದವುಗಳದು. ಮೊದಲು ಲಕೋಟೆಯಲ್ಲಿಟ್ಟು ಪರಿಚಾರಕನ ಕೈಗೆ ಕೊಡುತ್ತಿದ್ದ ಭಕ್ಷೀಸು ಈಗ ಅಮೆರಿಕದ ದೊಡ್ಡ ಹಡಗುಗಳಲ್ಲಿ ದಿನದ ಲೆಕ್ಕದಲ್ಲಿ ತಾನಾಗಿ ಖಾತೆಗೆ ಬೀಳುತ್ತದೆ. ಬಾರಿನ ಬಿಲ್ಲಿಗೂ ಶೇ. 18ರಿಂದ 20 ಸೇರಿಯೇ ಬರುತ್ತದೆ. ಅದರ ಕೆಳಗೆ ಇನ್ನೂ ಭಕ್ಷೀಸಿಗೆಂದು ಒಂದು ಖಾಲಿ ಗೆರೆ ಇದ್ದರೆ, ಗೊತ್ತಿಲ್ಲದವರು ಎರಡು ಸಲ ಕೊಡುತ್ತಾರೆ. ತಪ್ಪುಗಳು ಬರುವುದು ಇಂಥ ಸಂದುಗಳಲ್ಲೇ: ರದ್ದಾದ ಬಂದರು ಪ್ರವಾಸದ ಹಣ ವಾಪಸು ಬಿದ್ದಿರುವುದಿಲ್ಲ, ಟಿಕೆಟ್ಟಿನ ಜೊತೆ ಕೊಡುತ್ತೇವೆಂದ ಖರ್ಚಿನ ಮೊತ್ತ ಜಮಾ ಆಗಿರುವುದಿಲ್ಲ, ಪಾನೀಯದ ಪ್ಯಾಕೇಜಿನಲ್ಲಿ ಸೇರಿದ್ದ ಗ್ಲಾಸಿಗೆ ಬೆಲೆ ಬಿದ್ದಿರುತ್ತದೆ, ಪಕ್ಕದ ಕ್ಯಾಬಿನ್ನಿನ ಫೋಟೊ ಈ ಕ್ಯಾಬಿನ್ನಿಗೆ ಬಂದಿರುತ್ತದೆ.

ಯಂತ್ರ ಪರ್ಸರ್ ಅಲ್ಲ, ಅದಕ್ಕೆ ಆಸೆಯಿಲ್ಲ, ಅದು ಕೂಡುವುದರಲ್ಲಿ ತಪ್ಪುವುದಿಲ್ಲ ಎಂಬುದು ಇದಕ್ಕೆ ಬರುವ ಉತ್ತರ. ನಿಜ, ಕೂಡುವ ತಪ್ಪು ಹೋಗಿದೆ. ಆದರೆ ಹಳೆಯ ಹಾಜರಿ ಪುಸ್ತಕದಲ್ಲೂ ಜಗಳ ಮೊತ್ತದ್ದಾಗಿರಲಿಲ್ಲ, ಸೊಪ್ಪು ತೆಗೆದುಕೊಂಡನೋ ಇಲ್ಲವೋ ಎಂಬುದಾಗಿತ್ತು. ಯಂತ್ರಕ್ಕೆ ಒಂದು ಸಾಲು ಬಿತ್ತೆಂದು ಗೊತ್ತು; ಆ ಗ್ಲಾಸು ಯಾರ ಮೇಜಿಗೆ ಹೋಯಿತೆಂದು ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಬದಲಾವಣೆ ಅಪಾಯದ್ದು. ಪರ್ಸರ್‌ನ ಜಾಮೀನು ಮುಳುಗುವ ಭಯವಿತ್ತು, ಕ್ಲಬ್ಬಿಗೆ 13 ರೂಪಾಯಿ ಮುಳುಗಿತು. ಕಾರ್ಡನ್ನು ಮೊದಲೇ ಹಿಡಿದಿಟ್ಟುಕೊಂಡ ಹಡಗಿಗೆ ಮುಳುಗುವುದು ಬಹುಮಟ್ಟಿಗೆ ಇಲ್ಲ. ತಪ್ಪು ಉಳಿದರೆ ಅದರ ಭಾರ ಪ್ರಯಾಣಿಕನ ಮೇಲೆ ಮಾತ್ರ. ಹುಡುಕುವ ಅವಸರ ಒಬ್ಬನಿಗೆ, ಪುಸ್ತಕ ಇನ್ನೊಬ್ಬನ ಕೈಯಲ್ಲಿ. ಪುಸ್ತಕ ಹಿಡಿದವರು ಸಾಲಿಗೆ ಇಟ್ಟ ಹೆಸರನ್ನೇ ನಂಬುವಂತಿಲ್ಲ ಎಂಬುದಕ್ಕೂ ಪುರಾವೆ ಇದೆ: 'ಬಂದರು ಶುಲ್ಕ' ಎಂದು ವಸೂಲಾಗುತ್ತಿದ್ದುದರಲ್ಲಿ ಬಂದರಿಗೆ ಹೋಗದ ಹಣವೂ ಸೇರಿದೆಯೆಂಬ ದೂರಿನ ಮೇಲೆ 1997ರಲ್ಲಿ ಫ್ಲಾರಿಡಾ ರಾಜ್ಯದ ಅಟಾರ್ನಿ ಜನರಲ್ ಆರು ಕ್ರೂಸ್ ಕಂಪನಿಗಳ ಜೊತೆ ರಾಜಿ ಮಾಡಿಕೊಂಡು ಆ ಪದ್ಧತಿಗೆ ಕಡಿವಾಣ ಹಾಕಬೇಕಾಯಿತು.

ಮನೆಗೆ ಬಂದ ಮೇಲೆ ಬ್ಯಾಂಕಿಗೆ ದೂರು ಕೊಡಬಹುದಲ್ಲ, ಕೊನೆಯ ರಾತ್ರಿಯ ಸಂತೋಷವನ್ನು ಏಕೆ ಕೆಡಿಸಿಕೊಳ್ಳಬೇಕು ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1974ರ ಕಾಯಿದೆಯ ಪ್ರಕಾರ ಕಾರ್ಡಿನ ಬಿಲ್ಲು ಬಂದ 60 ದಿನದೊಳಗೆ ಬರಹದಲ್ಲಿ ತಕರಾರು ಎತ್ತಬಹುದು. ಆ ದಾರಿ ಇದೆ. ಅದರಾಚೆ ಕೋರ್ಟಿಗೆ ಹೋಗುವುದಾದರೆ ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರಗಳು ಅಡ್ಡ ಬರುತ್ತವೆ. ವಾಷಿಂಗ್ಟನ್ ರಾಜ್ಯದ ದಂಪತಿಯೊಬ್ಬರು ಮೆಕ್ಸಿಕೋ ಕಡೆಯ ಯಾನದಲ್ಲಿ ಆದ ಗಾಯಕ್ಕೆ ಹೂಡಿದ ದಾವೆಯಲ್ಲಿ, ಟಿಕೆಟ್ಟಿನಲ್ಲಿ ಅಚ್ಚಾದಂತೆ ಫ್ಲಾರಿಡಾದಲ್ಲೇ ವ್ಯಾಜ್ಯ ನಡೆಸಬೇಕೆಂಬ ಷರತ್ತು ಊರ್ಜಿತ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಗಾಯಕ್ಕೇ ಹೀಗಾದರೆ, ಎರಡು ಗ್ಲಾಸು ವೈನಿನ ತಕರಾರಿಗೆ ಯಾರು ಮಯಾಮಿಗೆ ಹೋಗುತ್ತಾರೆ? ಅದಕ್ಕಿಂತ ಮುಖ್ಯ, ಸಾಕ್ಷ್ಯ ಹಡಗಿನಲ್ಲೇ ಉಳಿಯುತ್ತದೆ. ಗ್ಲಾಸು ತಂದಿಟ್ಟವನು, ಸಹಿಯ ಕಾಗದ, ತಿದ್ದುವ ಅಧಿಕಾರವಿರುವ ಕಟ್ಟೆ, ಎಲ್ಲವೂ ಅಲ್ಲೇ. ಮರುದಿನ ಮಧ್ಯಾಹ್ನಕ್ಕೆ ಅವೆಲ್ಲ ಬೇರೆ ಪ್ರಯಾಣಿಕರೊಡನೆ ಮತ್ತೆ ಸಮುದ್ರಕ್ಕೆ. 1854ರವರು 24 ಗಂಟೆ ಕೇಳಿದ್ದು ಸುಮ್ಮನಲ್ಲ. ಕೊನೆಯ ಬೆಳಿಗ್ಗೆ ಕಟ್ಟೆಯ ಮುಂದೆ ಬೆಳೆಯುವ ಸಾಲಿನಲ್ಲಿ, ಕೈಚೀಲ ಹಿಡಿದು ವಿಮಾನದ ಹೊತ್ತು ನೋಡುತ್ತ ನಿಂತವರಿಗೆ ಅಷ್ಟು ಹೊತ್ತಿಲ್ಲ. ದಿನಕ್ಕೊಮ್ಮೆ ಖಾತೆ ನೋಡಿ, ರಸೀದಿ ಇಟ್ಟುಕೊಂಡು ಹೋಲಿಸುವವರು ಕಪ್ತಾನನ ಆ ಹಳೆಯ ಕಡಿತದ ಪುಸ್ತಕವನ್ನು ತಮ್ಮ ಕೈಯಿಂದಲೇ ಬರೆಯುತ್ತಿದ್ದಾರೆ.

ಕಡಲ ಪ್ರಯಾಣಿಕರ ಹಕ್ಕುಗಳ ಬಗ್ಗೆ 1974ರ ಅಥೆನ್ಸ್ ಒಪ್ಪಂದವಿದೆ. ಅದು ಸಾವು, ಗಾಯ, ಲಗೇಜಿನ ನಷ್ಟಕ್ಕೆ ಯಾರು ಹೊಣೆ ಎಂದು ಹೇಳುತ್ತದೆ; ಖಾತೆಯ ಹಾಳೆಯ ಬಗ್ಗೆ ಏನೂ ಹೇಳುವುದಿಲ್ಲ. ಅದೇ ಹಡಗಿನ ಬಾರಿನಲ್ಲಿ ದುಡಿಯುವವನ ಸ್ಥಿತಿ ಬೇರೆ. ಅವನು ಮಂಗಳೂರು, ಗೋವೆ ಕಡೆಯ ಹುಡುಗನೂ ಆಗಿರಬಹುದು. 2006ರ ಕಡಲ ಕಾರ್ಮಿಕ ಒಪ್ಪಂದ ಅವನಿಗೆ ತಿಂಗಳು ತಿಂಗಳೂ ಸಂಬಳದ ಲೆಕ್ಕವನ್ನು ಕೈಗೆ ಕೊಡಬೇಕೆನ್ನುತ್ತದೆ. ಒಪ್ಪಿದ ನಾಣ್ಯದಲ್ಲಿ ಕೊಡದೆ ಬೇರೆಯದರಲ್ಲಿ ಕೊಟ್ಟಿದ್ದರೆ, ಯಾವ ದರಕ್ಕೆ ಪರಿವರ್ತಿಸಿದರೆಂಬುದನ್ನೂ ಆ ಹಾಳೆಯಲ್ಲಿ ಬರೆದಿರಬೇಕು.