ಬೈಕ್ ವಿಡಿಯೊಗೆ ಹಾಡು ಎಲ್ಲಿಂದ ಬಂತು?

ಚಾರ್ಮಾಡಿ ಘಾಟಿಯ ಮಂಜು, ಹೆಲ್ಮೆಟ್ ಮೇಲೊಂದು ಪುಟ್ಟ ಕ್ಯಾಮೆರಾ, ಹಿಂದೆ ಒಂದು ಹಾಡು. ಮಳೆಗಾಲ ಶುರುವಾದರೆ ನಿಮ್ಮ ಫೋನಿಗೂ ಇಂಥ ವಿಡಿಯೊಗಳು ಸಾಲುಗಟ್ಟಿ ಬರುತ್ತವೆ. ನಮ್ಮೂರುಗಳ ಹುಡುಗರೂ ಮಾಡುತ್ತಿದ್ದಾರೆ, ಕೆಲವರು ಬಹಳ ಚೆನ್ನಾಗಿಯೇ ಮಾಡುತ್ತಿದ್ದಾರೆ. ಆದರೆ ಅಪ್‌ಲೋಡ್ ಮಾಡಿದ ಸ್ವಲ್ಪ ಹೊತ್ತಿಗೆ ಕಾಪಿರೈಟ್ ಸಂದೇಶ ಬಂದು ಕೂರುತ್ತದೆ. ಬೈಕು ನಿಮ್ಮದು, ಪೆಟ್ರೋಲು ನಿಮ್ಮದು, ನೆಂದದ್ದೂ ನೀವೇ. ಹಾಡು ಮಾತ್ರ ಬೇರೆಯವರದು.

ಹೀಗೇಕೆ ಆಯಿತು ಅಂತ ತಿಳಿಯಬೇಕಾದರೆ ಎರಡು ಕಥೆ ಕೇಳಬೇಕು. ಒಂದು ಕ್ಯಾಮೆರಾದ್ದು, ಇನ್ನೊಂದು ಹಾಡಿನದ್ದು.

ಓಡುವ ಗಾಡಿಗೆ ಕ್ಯಾಮೆರಾ ಕಟ್ಟುವುದು ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯ ಆಲೋಚನೆ. 1897ರಲ್ಲಿ ಅಮೆರಿಕದ ಬಯೋಗ್ರಾಫ್ ಕಂಪನಿಯವರು ರೈಲಿನ ಮುಂದೆ ಕ್ಯಾಮೆರಾ ಇಟ್ಟು, ಹ್ಯಾವರ್‌ಸ್ಟ್ರಾ ಎಂಬ ಸುರಂಗದೊಳಗೆ ನುಗ್ಗಿ ಹೊರಬರುವ ದೃಶ್ಯ ತೆಗೆದರು. ನೋಡುವವರಿಗೆ ರೈಲು ಕಾಣುವುದಿಲ್ಲ, ಹಳಿ ಮಾತ್ರ ಮೈಮೇಲೆ ಬರುತ್ತದೆ. ಇಂಥ ಚಿತ್ರಗಳಿಗೆ ‘ಫ್ಯಾಂಟಮ್ ರೈಡ್’ ಅಂತ ಹೆಸರು ಬಿತ್ತು. ದೆವ್ವದ ಸವಾರಿ ಅನ್ನಿ. 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದ ಹೊತ್ತಿಗೆ ಜಾರ್ಜ್ ಹೇಲ್ ಎಂಬಾತ ಇದನ್ನು ಇನ್ನೂ ಮುಂದಕ್ಕೆ ಒಯ್ದ. ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದವನು. ರೈಲು ಬೋಗಿಯಂಥ ಕೋಣೆಯಲ್ಲಿ ಜನರನ್ನು ಕೂರಿಸಿ, ಎದುರಿಗೆ ಈ ಚಿತ್ರ ಓಡಿಸಿ ದುಡ್ಡು ಮಾಡಿದ. ಕೂತಲ್ಲೇ ಊರು ಸುತ್ತುವ ಆಸೆ ಆಗಲೂ ಇತ್ತು.

ಬೈಕಿನ ಕಥೆಗೆ ಬಂದರೆ, 1971ರ ‘ಆನ್ ಎನಿ ಸಂಡೇ’ ಸಾಕ್ಷ್ಯಚಿತ್ರವನ್ನು ಬಿಟ್ಟು ಮಾತಾಡುವಂತಿಲ್ಲ. ಬ್ರೂಸ್ ಬ್ರೌನ್ ಅದರಲ್ಲಿ ರೇಸ್ ಸವಾರರ ಹೆಲ್ಮೆಟ್‌ಗೇ ಕ್ಯಾಮೆರಾ ಕಟ್ಟಿಸಿದ. ಫಿಲ್ಮ್ ಕ್ಯಾಮೆರಾ ತಲೆಮೇಲೆ ಹೊತ್ತು ರೇಸ್ ಓಡಿಸುವುದೆಂದರೆ ಕತ್ತಿನ ಗತಿ ಊಹಿಸಿಕೊಳ್ಳಿ. 1987ರಲ್ಲಿ ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕದವನು ಮೋಟಾರ್‌ಸೈಕಲ್ ಹೆಲ್ಮೆಟ್‌ಗೆ ವಿಡಿಯೊ ಕ್ಯಾಮೆರಾ ಜೋಡಿಸಿ, ಅದರ ವೈರನ್ನು ಬೆನ್ನಿನ ಚೀಲದಲ್ಲಿದ್ದ ವಿಎಚ್‌ಎಸ್ ರೆಕಾರ್ಡರಿಗೆ ಎಳೆದು, ಬೆಟ್ಟದ ಸೈಕಲ್ ಸವಾರಿ ಚಿತ್ರೀಕರಿಸಿದ. ಮದುವೆ ವಿಡಿಯೊದವರ ಹೆಗಲ ಮೇಲಿರುತ್ತಿದ್ದ ಆ ದೊಡ್ಡ ಯಂತ್ರಗಳನ್ನು ನೋಡಿದವರಿಗೆ ಇದು ಎಂಥ ಸಾಹಸ ಅಂತ ಗೊತ್ತಾಗುತ್ತದೆ.

ಆ ಭಾರ ಇಳಿದದ್ದು ನಿಕ್ ವುಡ್‌ಮನ್‌ನಿಂದ. 2002ರಲ್ಲಿ ಆಸ್ಟ್ರೇಲಿಯಾ, ಇಂಡೊನೇಷ್ಯಾ ಕಡೆ ಅಲೆಗಳ ಮೇಲೆ ಸರ್ಫಿಂಗ್ ಮಾಡಲು ಹೋದವನಿಗೆ ಕೈಗೆ ಕಟ್ಟಿಕೊಳ್ಳುವ ಕ್ಯಾಮೆರಾ ಬೇಕೆನಿಸಿತು. 2004ರಲ್ಲಿ ಬಂದ ಅವನ ಮೊದಲ ಗೋಪ್ರೊ ರೀಲು ಹಾಕುವ ಫೋಟೊ ಕ್ಯಾಮೆರಾ ಆಗಿತ್ತು. 2006ರ ಡಿಜಿಟಲ್ ಮಾದರಿ ಒಂದು ಸಲಕ್ಕೆ ಹತ್ತೇ ಸೆಕೆಂಡಿನ ವಿಡಿಯೊ ತೆಗೆಯುತ್ತಿತ್ತು. 2009ರಲ್ಲಿ ಎಚ್‌ಡಿ ಹೀರೊ ಬಂದ ಮೇಲೆ ಹೆಲ್ಮೆಟ್ಟು, ಹ್ಯಾಂಡಲ್ಲು, ಎದೆ, ಎಲ್ಲಿ ಬೇಕಾದರೂ ಕ್ಯಾಮೆರಾ ಅಂಟಿತು. ಅದರ ಹಿಂದೆ ಅಗ್ಗದ ಚೀನಾ ಕ್ಯಾಮೆರಾಗಳು ಬಂದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ಬೆಲೆ ನೆಲಕ್ಕಿಳಿದ ಮೇಲೆ ಹಳ್ಳಿಯ ಹುಡುಗನೂ ದೊಡ್ಡ ವಿಡಿಯೊ ಕಳಿಸುವಂತಾದ.

ಆದರೆ ಆ ಪುಟ್ಟ ಕ್ಯಾಮೆರಾಗೊಂದು ಕೊರತೆ ಇತ್ತು. ಚಿತ್ರ ಚೆನ್ನಾಗಿ ಬರುತ್ತದೆ, ಸದ್ದು ಕೆಡುತ್ತದೆ. ನೀರು ಹೋಗದ ಡಬ್ಬಿಯೊಳಗಿಟ್ಟರೆ ಧ್ವನಿ ಬಾಯಿಗೆ ಬಟ್ಟೆ ಕಟ್ಟಿದಂತಾಗುತ್ತದೆ. ಡಬ್ಬಿ ತೆಗೆದರೆ ಗಾಳಿ ಮೈಕಿಗೆ ಬಡಿದು ಬರೀ ‘ಭರ್ರ್’ ಅನ್ನುತ್ತದೆ. ಎಂಜಿನ್ ಸದ್ದೂ ಇಲ್ಲ, ಸವಾರನ ಮಾತೂ ಇಲ್ಲ. ಬೈಕ್ ವಿಡಿಯೊಗಳ ತುಂಬ ಹಾಡು ಯಾಕೆ ಅಂತ ಕೇಳಿದರೆ ನನಗೆ ಕಾಣುವ ದೊಡ್ಡ ಕಾರಣ ಇದೇ, ಗಾಳಿಯನ್ನು ಮುಚ್ಚಲು. ಹಾಗಂತ ಸದ್ದಿನಲ್ಲಿ ಕೈಚಳಕ ಹೊಸದೇನಲ್ಲ. 1976ರಲ್ಲಿ ಫ್ರಾನ್ಸಿನ ನಿರ್ದೇಶಕ ಕ್ಲಾಡ್ ಲೆಲೂಶ್ ಬೆಳಗಿನ ಜಾವ ಪ್ಯಾರಿಸ್ಸಿನಲ್ಲಿ ಕೆಂಪು ದೀಪಕ್ಕೂ ನಿಲ್ಲದೆ ಕಾರು ಓಡಿಸಿ ಎಂಟು ನಿಮಿಷದ ಚಿತ್ರ ಮಾಡಿದ (ಅಪ್ಪಿತಪ್ಪಿಯೂ ಹಾಗೆ ಓಡಿಸಬೇಡಿ). ಓಡಿದ್ದು ಮರ್ಸಿಡಿಸ್ ಕಾರು, ಆಮೇಲೆ ಸೇರಿಸಿದ್ದು ಫೆರಾರಿಯ ಗರ್ಜನೆ!

ಇನ್ನು ಹಾಡಿನ ಕಥೆ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಬಳಿ ಕೂತು ವಾದ್ಯ ನುಡಿಸುವವರಿರುತ್ತಿದ್ದರು. ಅವರಿಗೆ ಬೇಕಾದ ಸಂಗೀತವನ್ನು ಹಾಳೆಯ ಮೇಲೆ ಬರೆದು ಒದಗಿಸಲು 1909ರಲ್ಲಿ ಲಂಡನ್ನಿನಲ್ಲಿ ಡಿ ವುಲ್ಫ್ ಕಂಪನಿ ಶುರುವಾಯಿತು. ಟಾಕಿ ಬಂದ ಮೇಲೆ ರೆಕಾರ್ಡ್ ಮಾಡಿದ ಸಂಗೀತ ಮಾರತೊಡಗಿತು. ದುಃಖಕ್ಕೊಂದು, ಓಟಕ್ಕೊಂದು ಅಂತ ಮೊದಲೇ ಮಾಡಿಟ್ಟ ಟ್ಯೂನು, ಬೇಕಾದವರು ದುಡ್ಡು ಕೊಟ್ಟು ಬಳಸಬಹುದು. ‘ರಾಯಲ್ಟಿ-ಫ್ರೀ’ ಎಂಬುದು ಈ ವ್ಯಾಪಾರದ ಮುಂದಿನ ರೂಪ.

ಈ ಮಾತನ್ನು ನಮ್ಮಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ರಾಯಲ್ಟಿ-ಫ್ರೀ ಅಂದರೆ ಪುಕ್ಕಟೆ ಅಲ್ಲ, ಕಾಪಿರೈಟ್ ಇಲ್ಲ ಅಂತಲೂ ಅಲ್ಲ. ಟ್ರ್ಯಾಕ್ಟರನ್ನು ಗಂಟೆಗಿಷ್ಟು ಅಂತ ಬಾಡಿಗೆಗೆ ತರಬಹುದು, ಇಡೀ ಹೊಲಕ್ಕೆ ಒಂದೇ ಮಾತಿನಲ್ಲಿ ಗುತ್ತಿಗೆ ಮಾತಾಡಬಹುದು. ಗುತ್ತಿಗೆ ಆದರೆ ಗಂಟೆ ಲೆಕ್ಕ ಇಲ್ಲ, ಅಷ್ಟೇ. ಟ್ರ್ಯಾಕ್ಟರ್ ಮಾತ್ರ ಅದರ ಯಜಮಾನನದೇ.

ಪುಕ್ಕಟೆ ದಾರಿ ತೆರೆದದ್ದು ಬೇರೆಯವರು. 2002ರ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದವು. ಮಾಡಿದವರೇ ‘ಬಳಸಿಕೊಳ್ಳಿ, ಹೆಸರು ಹಾಕಿ’ ಅಂತ ಬರೆದುಕೊಡುವ ಪದ್ಧತಿ ಅದು. ಅಮೆರಿಕದ ಕೆವಿನ್ ಮೆಕ್ಲಿಯಾಡ್ ಇದೇ ಪದ್ಧತಿಯಲ್ಲಿ ರಾಶಿ ರಾಶಿ ಟ್ಯೂನು ಹಂಚಿದ. ಹೆಸರು ಗೊತ್ತಿಲ್ಲದಿದ್ದರೂ ಅವನ ಸಂಗೀತ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಪರವಾನಗಿಯಲ್ಲಿ ‘ಎನ್‌ಸಿ’ ಅಂತ ಇದ್ದರೆ ಮಾತ್ರ ಎಚ್ಚರ, ಆ ಟ್ಯೂನಿನಿಂದ ದುಡಿಯುವಂತಿಲ್ಲ.

ಯೂಟ್ಯೂಬ್ 2007ರಲ್ಲಿ ಕಂಟೆಂಟ್ ಐಡಿ ತಂದಿತು. ಹಾಡಿನ ಮಾಲೀಕರು ತಮ್ಮ ಹಾಡಿನ ಗುರುತು ಕೊಟ್ಟಿಟ್ಟರೆ ಯಂತ್ರವೇ ಹುಡುಕಿ ಹಿಡಿಯುತ್ತದೆ. ವಿಡಿಯೊ ತಡೆಯಬೇಕೋ, ಜಾಹೀರಾತಿನ ಹಣ ತಾವು ತೆಗೆದುಕೊಳ್ಳಬೇಕೋ, ಸುಮ್ಮನೆ ಲೆಕ್ಕ ಇಡಬೇಕೋ ಅವರೇ ಹೇಳುತ್ತಾರೆ. ವಿಡಿಯೊ ಕೆಳಗೆ ‘ನೋ ಕಾಪಿರೈಟ್ ಇಂಟೆಂಡೆಡ್’ ಅಂತ ಬರೆದರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. 2013ರಲ್ಲಿ ಯೂಟ್ಯೂಬೇ ಸುಮಾರು 150 ಟ್ಯೂನುಗಳ ಆಡಿಯೊ ಲೈಬ್ರರಿ ತೆರೆಯಿತು, ಈಗ ಅದು ಬಹಳ ಬೆಳೆದಿದೆ. ಹೀಗೆ ಲಡಾಖ್ ಆಗಲಿ, ಆಗುಂಬೆ ಆಗಲಿ, ಹಿಂದೆ ಕೇಳುವುದು ಅದೇ ನಾಲ್ಕು ಟ್ಯೂನು. ನನಗಂತೂ ಇದು ಸಪ್ಪೆ.

ದೊಡ್ಡವರಿಗೂ ಈ ಬಿಸಿ ತಟ್ಟಿದೆ. 2022ರಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಕೆಜಿಎಫ್-2ರ ಹಾಡು ಬಳಸಿದ್ದಾರೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. ಕೆಳ ಕೋರ್ಟು ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಯಲು ಹೇಳಿತು. ಮರುದಿನ ಹೈಕೋರ್ಟ್, ಆ ವಿಡಿಯೊ ತೆಗೆಯಬೇಕೆಂಬ ಷರತ್ತಿನ ಮೇಲೆ ಆದೇಶ ರದ್ದು ಮಾಡಿತು.

ಹಾಗಾದರೆ ವಚನ, ದಾಸರ ಪದ, ಜನಪದ ಗೀತೆ? ಬಸವಣ್ಣನವರ ಮಾತಿಗೆ ಕಾಪಿರೈಟ್ ಇಲ್ಲ. ಆದರೆ ಅದಕ್ಕೆ ಹೊಸ ರಾಗ ಹಾಕಿದವರಿಗೆ ಅವರ ಕಾಲದ ನಂತರವೂ 60 ವರ್ಷ ಹಕ್ಕಿದೆ, ರೆಕಾರ್ಡಿಂಗಿಗೆ ಪ್ರಕಟವಾದ ಮೇಲೆ 60 ವರ್ಷ. ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ಜನಪದ ಗೀತೆ ಊರಿನದೇ ಇರಬಹುದು, ಕ್ಯಾಸೆಟ್ಟು ಕಂಪನಿಯದು.

ಬೇರೆ ದಾರಿಯೂ ಇದೆ. ಸಣ್ಣ ಕಾಲರ್ ಮೈಕನ್ನು ಹೆಲ್ಮೆಟ್ಟಿನ ಗಲ್ಲದ ಒಳಗೆ ಸಿಕ್ಕಿಸಿದರೆ ಗಾಳಿ ಬಡಿಯದೆ ಮಾತು ಸ್ಪಷ್ಟ ಬರುತ್ತದೆ. ಗಾಡಿ ನಿಲ್ಲಿಸಿ ಮಳೆ, ಜೀರುಂಡೆ, ಹಳ್ಳದ ಸದ್ದನ್ನು ಫೋನಿನಲ್ಲೇ ಹಿಡಿಯಬಹುದು. ಜಾತ್ರೆಯಲ್ಲಿ ಡೊಳ್ಳಿನವರನ್ನು ರೆಕಾರ್ಡ್ ಮಾಡುವುದಾದರೆ ಮೊದಲು ಅವರನ್ನು ಕೇಳಿ, ಕೈಗಿಷ್ಟು ಕೊಟ್ಟು, ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ನುಡಿಸುವವರಿಗೂ 50 ವರ್ಷದ ಹಕ್ಕಿದೆ.