ಕಣಮನೆಯೂ ಒಂದು ಶಾಸನ

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಕೋಟೆ, ಅರಮನೆ, ದೇವಾಲಯ, ವೀರಗಲ್ಲುಗಳು ಬಂದು ನಿಲ್ಲುತ್ತವೆ. ಅದು ಸಹಜವೇ. ಪಾಠಪುಸ್ತಕಗಳಲ್ಲಿ ನಾವು ಅವರಿಗೆ ತೋರಿಸಿಕೊಟ್ಟಿರುವುದೂ ಅವುಗಳನ್ನೇ. ಆದರೆ ಆ ಕೋಟೆಯ ದಂಡಿಗೂ ಆ ದೇವಾಲಯದ ನೈವೇದ್ಯಕ್ಕೂ ಅಕ್ಕಿಯನ್ನು ಬೆಳೆದುಕೊಟ್ಟವನ ಮನೆ ಯಾವುದು, ಅವನ ಹಟ್ಟಿ ಎಲ್ಲಿತ್ತು, ಕಣ ಎಲ್ಲಿತ್ತು, ಕಾಳನ್ನು ಅವನು ಯಾವುದರಲ್ಲಿ ತುಂಬಿಡುತ್ತಿದ್ದನು ಎಂದು ಕೇಳುವವರು ವಿರಳ. ಕೇಳಿದರೂ ಉತ್ತರವಾಗಿ ತೋರಿಸಲು ನಮ್ಮಲ್ಲಿ ಉಳಿದಿರುವುದು ಸ್ವಲ್ಪವೇ. ಒಕ್ಕಲಿಗನ ಮನೆಯನ್ನೂ ಅದರ ಸುತ್ತಲಿನ ಕೊಟ್ಟಿಗೆಗಳನ್ನೂ ಚರಿತ್ರೆಯ ಸಾಕ್ಷಿಗಳೆಂದು ಬಗೆದು, ಪಟ್ಟಿಮಾಡಿ, ಕಾನೂನಿನ ಆಶ್ರಯ ಕೊಟ್ಟ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಆ ಕೆಲಸ ಅಲ್ಲಿಯೂ ಒಮ್ಮೆಗೇ ಆದುದಲ್ಲ. ಅದು ಹೇಗೆ ಆಯಿತು, ಎಲ್ಲಿ ಸಫಲವಾಯಿತು, ಎಲ್ಲಿ ಎಡವಿತು ಎಂಬುದನ್ನು ತಿಳಿಯುವುದು ನಮಗೂ ಉಪಯುಕ್ತವೆಂದು ನಾವು ನಂಬುತ್ತೇವೆ.

ಮೊದಲು ಒಂದು ಹೊಲಮನೆಯನ್ನೇ ನೋಡೋಣ. ಲಂಡನ್ನಿನ ಈಶಾನ್ಯಕ್ಕೆ ಎಸೆಕ್ಸ್ ಎಂಬ ಸೀಮೆಯಲ್ಲಿ ಕ್ರೆಸ್ಸಿಂಗ್ ಟೆಂಪಲ್ ಎಂಬ ಜಾಗವಿದೆ. 1137ರಲ್ಲಿ ಸ್ಟೀಫನ್ ದೊರೆಯ ರಾಣಿ ಮಟಿಲ್ಡಾ ಈ ಭೂಮಿಯನ್ನು ಟೆಂಪ್ಲರ್ ಎಂಬ ಯೋಧ ಸಂನ್ಯಾಸಿಗಳ ಸಂಘಕ್ಕೆ ದಾನವಾಗಿ ಕೊಟ್ಟಳು. ನಮ್ಮ ಅರಸರು ಮಠಗಳಿಗೆ ಉಂಬಳಿ ಬಿಟ್ಟಂತೆಯೇ ಇದೂ ಒಂದು ಬಗೆಯ ಉಂಬಳಿ. ಆ ಸಂನ್ಯಾಸಿಗಳು 13ನೆಯ ಶತಮಾನದಲ್ಲಿ ಅಲ್ಲಿ ಎರಡು ಬೃಹತ್ ಕಟ್ಟಡಗಳನ್ನು ಓಕ್ ಮರದಿಂದ ಕಟ್ಟಿಸಿದರು: ಒಂದು ಬಾರ್ಲಿಗೆ, ಇನ್ನೊಂದು ಗೋದಿಗೆ. ಇಂಗ್ಲಿಷರು ಇದನ್ನು ‘ಬಾರ್ನ್’ ಎನ್ನುತ್ತಾರೆ. ನಮ್ಮ ಕಣಜಕ್ಕೂ ಇದಕ್ಕೂ ಭೇದವಿದೆ. ಕಣಜದಲ್ಲಿ ತುಂಬುವುದು ಒಕ್ಕಿ ತೂರಿದ ಕಾಳು. ಬಾರ್ನಿನಲ್ಲಿ ತುಂಬುತ್ತಿದ್ದುದು ಕೊಯ್ದು ತಂದ ಸಿವುಡುಗಳನ್ನು. ಅಲ್ಲಿ ಕೊಯ್ಲಿನ ಬಳಿಕ ಮಳೆಯೂ ಚಳಿಯೂ ಬೇಗ ಬರುವುದರಿಂದ ಬಯಲಿನಲ್ಲಿ ಕಣಮಾಡಲು ಬಾರದು. ಮೆದೆಯೂ ಕಣವೂ ಒಂದೇ ಸೂರಿನಡಿ ಇರಬೇಕು. ಆದುದರಿಂದ ನಾವು ಇದನ್ನು ಕಣಮನೆಯೆಂದು ಕರೆಯೋಣ.

ಕಣಮನೆಯ ರಚನೆಯು ಗಮನಿಸತಕ್ಕದ್ದು. ಎರಡು ಸಾಲು ಎತ್ತರದ ಮರದ ಕಂಬಗಳು. ನಡುವೆ ವಿಶಾಲವಾದ ಅಂಕಣ, ಇಕ್ಕೆಲಗಳಲ್ಲಿ ತಗ್ಗಾದ ಪಡಸಾಲೆಗಳು. ಮೇಲೆ ಕಡಿದಾದ ಮಾಡು. ಉದ್ದದ ಗೋಡೆಗಳಲ್ಲಿ ಎದುರುಬದುರಾಗಿ ಬಾಗಿಲುಗಳು. ಅವುಗಳ ನಡುವಣ ನೆಲವೇ ಕಣ. ಸಿವುಡು ಹೇರಿದ ಬಂಡಿಯು ದೊಡ್ಡ ಬಾಗಿಲಿನಿಂದ ನೇರವಾಗಿ ಒಳಗೆ ಬರುತ್ತಿತ್ತು. ಹೊರೆಯನ್ನು ಇಳಿಸಿ ಅಕ್ಕಪಕ್ಕದ ಅಂಕಣಗಳಲ್ಲಿ ಒಟ್ಟುತ್ತಿದ್ದರು. ಚಳಿಗಾಲವಿಡೀ ಆಳುಗಳು ಆ ನೆಲದ ಮೇಲೆ ತೆನೆಯನ್ನು ಬಡಿಕೋಲಿನಿಂದ ಬಡಿದು ಒಕ್ಕುತ್ತಿದ್ದರು. ತೂರುವಾಗ ಎರಡೂ ಬಾಗಿಲುಗಳನ್ನು ತೆರೆದರೆ ಗಾಳಿಯು ಅಡ್ಡಲಾಗಿ ಬೀಸಿ ಹೊಟ್ಟನ್ನು ಒಯ್ಯುತ್ತಿತ್ತು. ಗಾಳಿಯ ದಿಕ್ಕನ್ನು ನೋಡಿ ಕಣದಲ್ಲಿ ಮೊರ ಹಿಡಿಯುವ ನಮ್ಮ ಒಕ್ಕಲು ಹೆಣ್ಣುಮಕ್ಕಳಿಗೆ ಈ ಉಪಾಯವನ್ನು ವಿವರಿಸಬೇಕಾದುದಿಲ್ಲ.

1312ರಲ್ಲಿ ಟೆಂಪ್ಲರ್ ಸಂಘವನ್ನು ಪೋಪನು ವಿಸರ್ಜಿಸಿದನು. ಭೂಮಿಯು ಹಾಸ್ಪಿಟಲರ್ ಎಂಬ ಇನ್ನೊಂದು ಸಂಘಕ್ಕೆ ಹೋಯಿತು. 1381ರ ರೈತರ ದಂಗೆಯಲ್ಲಿ ಕ್ರೆಸ್ಸಿಂಗಿನ ಮೇಲೆ ದಾಳಿ ನಡೆದರೂ ಕಣಮನೆಗಳು ಉಳಿದುವು. 16ನೆಯ ಶತಮಾನದಲ್ಲಿ ಮಠಗಳ ಆಸ್ತಿಯೆಲ್ಲವೂ ಚದುರಿದಾಗ ಅದು ಖಾಸಗಿಯವರ ಕೈಸೇರಿತು. ಅಲ್ಲಿ ಒಂದು ದೊಡ್ಡ ಬಂಗಲೆಯೂ ಎದ್ದಿತು. 18ನೆಯ ಶತಮಾನದಲ್ಲಿ ಆ ಬಂಗಲೆಯೇ ನೆಲಸಮವಾಯಿತು. ಧಣಿಗಳ ಸೌಧವು ಅಳಿದು, ಸಿವುಡು ತುಂಬುವ ಮನೆಗಳು ಉಳಿದುವು. ಕಾರಣವು ಸರಳ. ಸೌಧವು ಒಬ್ಬರ ವೈಭವಕ್ಕೆ ಬೇಕಾಗಿತ್ತು. ಕಣಮನೆಯು ವರ್ಷವರ್ಷದ ಬೆಳೆಗೆ ಬೇಕಾಗಿತ್ತು. ಬೇಕಾದುದನ್ನು ಜನರು ದುರಸ್ತಿಮಾಡಿ ಉಳಿಸಿಕೊಳ್ಳುತ್ತಾರೆ.

ಇಷ್ಟು ಹಳೆಯದೆಂಬುದು ಗೊತ್ತಾದ ಬಗೆಯೂ ಸ್ವಾರಸ್ಯವಾದುದು. ಮರದ ಕಟ್ಟಡವು ಏಳುನೂರು ವರ್ಷ ಬಾಳೀತೆಂದು ಬಹುಕಾಲ ಪಂಡಿತರು ನಂಬಿರಲಿಲ್ಲ. ಸೆಸಿಲ್ ಹ್ಯೂವೆಟ್ ಎಂಬವರು (1926–1998) ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಅವರು ಎಸೆಕ್ಸಿನ ಹಳೆಯ ಕಟ್ಟಡಗಳನ್ನು ಹೊಕ್ಕು, ಬಡಗಿಗಳು ಮರಕ್ಕೆ ಮರವನ್ನು ಸೇರಿಸಿದ ಬೆಸುಗೆಗಳನ್ನು ಒಂದೊಂದಾಗಿ ನೋಡಿ ಚಿತ್ರ ಬರೆದುಕೊಂಡರು. ಬೆಸುಗೆಯ ಕ್ರಮವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಲಿಪಿಯನ್ನು ನೋಡಿ ಶಾಸನದ ಕಾಲವನ್ನು ಹೇಳುವಂತೆ ಬೆಸುಗೆಯನ್ನು ನೋಡಿ ಕಟ್ಟಡದ ಕಾಲವನ್ನು ಹೇಳಬಹುದು ಎಂಬುದು ಅವರ ವಾದ. ಕ್ರೆಸ್ಸಿಂಗಿನ ಕಣಮನೆಗಳು 13ನೆಯ ಶತಮಾನದವೆಂದು ಅವರು ಹೇಳಿದಾಗ ಅನೇಕರು ಸಂಶಯಪಟ್ಟರು. ಆಮೇಲೆ ರೇಡಿಯೋ ಕಾರ್ಬನ್ ಪರೀಕ್ಷೆಯೂ ಮರದ ಬಳೆಗಳನ್ನು ಎಣಿಸುವ ವಿಧಾನವೂ ಬಾರ್ಲಿಯ ಕಣಮನೆಯನ್ನು ಆ ಶತಮಾನದ ಆದಿಭಾಗಕ್ಕೂ ಗೋದಿಯದನ್ನು ಉತ್ತರಾರ್ಧಕ್ಕೂ ಸೇರಿಸಿದುವು. ಉಪಾಧ್ಯಾಯರ ಕಣ್ಣು ತಪ್ಪಿರಲಿಲ್ಲ.

ಇನ್ನು ಕಾನೂನಿನ ಕಥೆ. ಇಂಗ್ಲೆಂಡಿನಲ್ಲಿ ಪ್ರಾಚೀನ ಸ್ಮಾರಕಗಳ ಮೊದಲನೆಯ ಕಾನೂನು ಬಂದುದು 1882ರಲ್ಲಿ. ಅದರ ಪಟ್ಟಿಯಲ್ಲಿದ್ದುವು ಹೆಚ್ಚಾಗಿ ಸ್ಟೋನ್‌ಹೆಂಜ್‌ನಂತಹ ಪ್ರಾಗೈತಿಹಾಸಿಕ ಕಲ್ಲುಗಳು ಮತ್ತು ಸಮಾಧಿದಿಬ್ಬಗಳು. 1913ರ ಕಾನೂನು ಇನ್ನಷ್ಟು ಬಲವಾದುದಾದರೂ ಜನರು ವಾಸಿಸುವ ಮನೆಗಳನ್ನು ಹೊರಗಿಟ್ಟಿತು. ಸತ್ತ ಕಟ್ಟಡಕ್ಕೆ ರಕ್ಷಣೆ, ಬದುಕಿರುವ ಮನೆಗೆ ಇಲ್ಲ! ಈ ನಡುವೆ ಕಾನೂನು ಮಾಡದುದನ್ನು ಜನರೇ ಮಾಡಿದರು. 1895ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷವೇ ಅದು ಆಲ್ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ ಹುಲ್ಲಿನ ಮಾಡಿನ 14ನೆಯ ಶತಮಾನದ ಮನೆಯೊಂದನ್ನು ಹತ್ತು ಪೌಂಡಿಗೆ ಕೊಂಡಿತು. ಮಕ್ಕಳ ಕಥೆಗಳನ್ನು ಬರೆದು ಹೆಸರಾದ ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಸರೋವರಗಳ ಸೀಮೆಯಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. 1943ರಲ್ಲಿ ತೀರಿಕೊಂಡಾಗ ಸುಮಾರು 4,000 ಎಕರೆ ಭೂಮಿಯನ್ನೂ ಹದಿನಾಲ್ಕು ಹೊಲಮನೆಗಳನ್ನೂ ಆ ಸಂಸ್ಥೆಗೆ ಬಿಟ್ಟುಹೋದಳು.

ಎರಡನೆಯ ಮಹಾಯುದ್ಧದ ಬಾಂಬುಗಳು ಸರಕಾರದ ಕಣ್ಣನ್ನು ತೆರೆಯಿಸಿದುವು. ಪಟ್ಟಣಗಳು ಸುಟ್ಟುಹೋದಾಗ, ಉಳಿದುದರಲ್ಲಿ ಯಾವುದನ್ನು ಕಾಪಾಡಬೇಕೆಂಬ ಪಟ್ಟಿಯೇ ಯಾರಲ್ಲಿಯೂ ಇರಲಿಲ್ಲ. 1947ರ ಕಾನೂನು ವಿಶೇಷವಾದ ಶಿಲ್ಪಮಹತ್ವ ಅಥವಾ ಚರಿತ್ರೆಯ ಮಹತ್ವವುಳ್ಳ ಕಟ್ಟಡಗಳ ಪಟ್ಟಿಯನ್ನು ಮಾಡುವುದು ಮಂತ್ರಿಯ ಕರ್ತವ್ಯವೆಂದು ವಿಧಿಸಿತು. ಆದರೂ ಮಾಲಿಕನು ಎರಡು ತಿಂಗಳು ಮೊದಲು ತಿಳಿಸಿ ಕಟ್ಟಡವನ್ನು ಕೆಡವಬಹುದಾಗಿತ್ತು. ಬೇಡವೆನ್ನುವುದಿದ್ದರೆ ಆ ಅವಧಿಯೊಳಗೆ ಅಧಿಕಾರಿಗಳೇ ಆಜ್ಞೆ ಹೊರಡಿಸಬೇಕಾಗಿತ್ತು. 1968ರ ಕಾನೂನು ಬಂದಮೇಲೆ ಸ್ಥಿತಿಯು ತಿರುಗಿತು. ಅನುಮತಿಯಿಲ್ಲದೆ ಕೆಡವುವುದೂ ರೂಪಗೆಡಿಸುವುದೂ ಅಪರಾಧವಾಯಿತು. ಈಗ ಜಾರಿಯಲ್ಲಿರುವುದು 1990ರ ಕಾನೂನು.

ಈ ಕಾನೂನಿನಲ್ಲಿ ಒಕ್ಕಲುಮನೆಗೆ ಅತಿ ಮುಖ್ಯವಾದ ಒಂದು ವಿಧಿಯುಂಟು. ಒಂದು ಮನೆಯು ಪಟ್ಟಿಗೆ ಸೇರಿದರೆ, ಅದರ ಹಿತ್ತಿಲು ಅಂಗಳಗಳ ಆವರಣದಲ್ಲಿ 1948ನೆಯ ಜುಲೈ 1ಕ್ಕೆ ಮುಂಚಿನಿಂದ ಇರುವ ಕಟ್ಟಡಗಳೂ ಮನೆಯೊಡನೆ ಸೇರಿದಂತೆಯೇ. ಮನೆಯನ್ನು ಉಳಿಸಿ ಹಟ್ಟಿಯನ್ನು ಕೆಡವುತ್ತೇನೆಂದರೆ ಆಗದು. ಆವರಣವೆಂದರೆ ಎಲ್ಲಿಯವರೆಗೆ ಎಂಬ ವ್ಯಾಜ್ಯಗಳು ನ್ಯಾಯಾಲಯಗಳವರೆಗೆ ಹೋಗಿವೆ. 1982ರ ಒಂದು ತೀರ್ಪು ಮೂರು ಪ್ರಶ್ನೆಗಳನ್ನು ಕೊಟ್ಟಿತು: ಕಟ್ಟಡಗಳು ನೆಲದ ಮೇಲೆ ಹೇಗೆ ಜೋಡಣೆಗೊಂಡಿವೆ? ಹಿಂದೆಯೂ ಈಗಲೂ ಒಡೆಯನು ಯಾರು? ಹಿಂದೆಯೂ ಈಗಲೂ ಉಪಯೋಗ ಏನು? ಈ ವಿಧಿಯ ಹಿಂದಿರುವ ತಿಳಿವಳಿಕೆಯನ್ನು ನಾವು ಮೆಚ್ಚಲೇಬೇಕು. ಒಕ್ಕಲುಮನೆಯೆಂಬುದು ಒಂದು ಕಟ್ಟಡವಲ್ಲ, ಕಟ್ಟಡಗಳ ಒಂದು ಸಂಸಾರ. ಹಟ್ಟಿಯಿಲ್ಲದ, ಕಣವಿಲ್ಲದ, ಉಗ್ರಾಣವಿಲ್ಲದ ಮನೆಯು ವಾಸದ ಮನೆಯಾದೀತೇ ಹೊರತು ಬೇಸಾಯದ ಮನೆಯಾಗದು.

ಪಟ್ಟಿಯಾದರೂ ಹಳ್ಳಿಗಳನ್ನು ಬೇಗ ಮುಟ್ಟಲಿಲ್ಲ. 1980ರ ಆಗಸ್ಟಿನಲ್ಲಿ ಲಂಡನ್ನಿನ ಪ್ರಸಿದ್ಧ ಕಾರ್ಖಾನೆಯೊಂದನ್ನು, ಇನ್ನೇನು ಪಟ್ಟಿಗೆ ಸೇರಲಿದೆ ಎನ್ನುವಾಗ, ರಜೆಯ ದಿನಗಳಲ್ಲಿ ಕೆಡವಿಬಿಟ್ಟರು. ಆ ಆಘಾತದಿಂದ ಸರಕಾರವು ಎಚ್ಚತ್ತು ದೇಶದ ಮರುಸಮೀಕ್ಷೆಯನ್ನು ತ್ವರೆಗೊಳಿಸಿತು. ಹಳ್ಳಿಹಳ್ಳಿಗೂ ತಜ್ಞರು ನಡೆದುಹೋಗಿ, ದಾರಿಯ ಬದಿಯ ಹೊಲಮನೆ, ಕಣಮನೆ, ಉಗ್ರಾಣಗಳನ್ನು ಬರೆದುಕೊಂಡರು. ಇಂದು ಇಂಗ್ಲೆಂಡಿನ ಪಟ್ಟಿಯಲ್ಲಿ ಸುಮಾರು ನಾಲ್ಕು ಲಕ್ಷ ನಮೂದುಗಳಿವೆ. ಮೊದಲನೆಯ ದರ್ಜೆಯವು ನೂರಕ್ಕೆ ಎರಡೂವರೆಯಷ್ಟು ಮಾತ್ರ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಎರಡನೆಯ ದರ್ಜೆಯ ಸಾಧಾರಣ ಕಟ್ಟಡಗಳು. ಕ್ರೆಸ್ಸಿಂಗಿನ ಎರಡು ಕಣಮನೆಗಳೂ ಮೊದಲನೆಯ ದರ್ಜೆಯವು. 1987ರಲ್ಲಿ ಎಸೆಕ್ಸಿನ ಕೌಂಟಿ ಪರಿಷತ್ತು ಆ ಆವರಣವನ್ನು ಕೊಂಡುಕೊಂಡಿತು.

ಹಾಗಾದರೆ ಪಟ್ಟಿಗೆ ಸೇರಿದೊಡನೆ ಕಟ್ಟಡವು ಉಳಿಯಿತೆಂದೇ? ಇಲ್ಲ. ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಲ್ಲಿ 1426–27ರಲ್ಲಿ ಕಟ್ಟಿದ, 192 ಅಡಿ ಉದ್ದದ ಹನ್ನೆರಡು ಅಂಕಣಗಳ ಕಣಮನೆಯೊಂದಿದೆ. ವಿಂಚೆಸ್ಟರ್ ಕಾಲೇಜೆಂಬ ವಿದ್ಯಾಶಾಲೆಯ ಜಮೀನಿನ ಬೆಳೆಗಾಗಿ ಕಟ್ಟಿದುದು ಅದು. ಹೊಲದ ಫಲವು ಶಾಲೆಯ ಖರ್ಚಿಗೆ ಸಲ್ಲುತ್ತಿತ್ತು. ಅದೂ ಮೊದಲನೆಯ ದರ್ಜೆಯದೇ. ಆದರೂ ಯಂತ್ರಗಳು ಬಂದು ಹೊಲದಲ್ಲಿಯೇ ಕೊಯ್ದು ಒಕ್ಕುವ ಕಾಲದಲ್ಲಿ ಅದಕ್ಕೆ ಕೆಲಸವಿಲ್ಲವಾಯಿತು. ಒಡೆತನವು ಕೈಯಿಂದ ಕೈಗೆ ಹೋಯಿತು. ಕಟ್ಟಡವು ಮುಚ್ಚಿದಂತೆಯೇ ಇದ್ದು ಮಾಡು ಸೋರತೊಡಗಿತು. 2009ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ಕಾನೂನಿನ ಅಧಿಕಾರದಿಂದ ತುರ್ತುದುರಸ್ತಿಯನ್ನು ಮಾಡಿಸಿತು. ಕೊನೆಗೆ 2011ರಲ್ಲಿ 20,000 ಪೌಂಡು ಕೊಟ್ಟು ಕೊಂಡುಕೊಂಡಿತು. ಊರವರ ನೆರವಿನಿಂದ ಅದು ಮತ್ತೆ ಜನರಿಗೆ ತೆರೆಯಿತು. ಪಟ್ಟಿಯು ಕೆಡವುವ ಕೈಯನ್ನು ತಡೆಯಬಲ್ಲುದು. ಮಳೆಯನ್ನೂ ಗೆದ್ದಲನ್ನೂ ತಡೆಯಲಾರದು. ಅದಕ್ಕೆ ಹತ್ತಿರದವರ ಮಮತೆ ಬೇಕು.

ನಮ್ಮಲ್ಲಿ ಹೇಗೆ? 1958ರ ಕೇಂದ್ರ ಕಾನೂನು ಕಡಿಮೆಯೆಂದರೆ ನೂರು ವರ್ಷ ಹಳೆಯದಾದ, ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ರಕ್ಷಿಸುತ್ತದೆ. ಅಂತಹವು ದೇಶದಲ್ಲೆಲ್ಲ ಸುಮಾರು 3,700. ಬೇಕಲದ ಕೋಟೆಯು ಅವುಗಳಲ್ಲೊಂದು. ಕೋಟೆಯನ್ನು ಕಾದುದು ಸರಿಯೇ. ಆದರೆ ನಮ್ಮ ಕಾಸರಗೋಡು ಸೀಮೆಯ ಹಳೆಯ ಬೇಸಾಯದ ಮನೆಗಳಿಗೆ, ಅವುಗಳ ಚಾವಡಿ, ಹಟ್ಟಿ, ಅಟ್ಟ, ಪತ್ತಾಯ, ಅಡಕೆಯ ಅಂಗಳಗಳಿಗೆ ಇಂಗ್ಲೆಂಡಿನ ಎರಡನೆಯ ದರ್ಜೆಯಂತಹ ಸಾಧಾರಣ ಆಸರೆ ನಮ್ಮಲ್ಲಿ ಬೆಳೆದಿಲ್ಲ. ಪಾಲಾದ ಮನೆ ಒಡೆಯುತ್ತದೆ. ಹಲಸಿನ ಕಂಬಗಳು ಮಾರಾಟವಾಗುತ್ತವೆ. ಹಟ್ಟಿಯ ಜಾಗದಲ್ಲಿ ಕಾರು ನಿಲ್ಲುತ್ತದೆ. ಇದರಲ್ಲಿ ಮನೆಯವರನ್ನು ದೂರಲು ನಮಗೆ ಮನಸ್ಸಿಲ್ಲ. ಕೆಲಸವಿಲ್ಲದ ಕಟ್ಟಡವನ್ನು ಹೊರುವುದು ಸುಲಭವಲ್ಲ. ಆದರೆ ಕಟ್ಟಡದೊಡನೆ ಮಾತೂ ಹೋಗುತ್ತದೆ. ಅಂಗಳದಲ್ಲಿ ಬತ್ತದ ತುಪ್ಪೆಯನ್ನು ಕಾಣದ ಹುಡುಗನಿಗೆ ಆ ಶಬ್ದವು ಬರಿಯ ಸದ್ದು. ಮುಳಿಹುಲ್ಲಿನ ಮಾಡನ್ನು ನೋಡದ ಹುಡುಗಿಗೆ ಅದನ್ನು ಹೊದೆಸುವ ಕೆಲಸದ ಹತ್ತಾರು ಪದಗಳು ಇಲ್ಲವೇ ಇಲ್ಲ.

ಕಾನೂನನ್ನು ಮಾಡುವುದು ಉಪಾಧ್ಯಾಯರ ಕೈಯಲ್ಲಿಲ್ಲ. ಪಟ್ಟಿಯನ್ನು ಮಾಡುವುದು ಇದೆ. ಹ್ಯೂವೆಟ್ ಮಹಾಶಯರ ಬಳಿ ಮೊದಲು ಇದ್ದುದು ನೋಡುವ ಕಣ್ಣು, ಒಂದು ಪೆನ್ಸಿಲು, ಕಾಗದ, ಅಷ್ಟೇ. ನಮ್ಮ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ನೆರೆಮನೆಯ ಒಂದು ಹಳೆಯ ಹಟ್ಟಿಯನ್ನೋ ಉಗ್ರಾಣವನ್ನೋ ಅಳೆದು, ನಕ್ಷೆ ಬರೆದು, ಯಾವ ಮರ, ಯಾವ ಕೆಲಸಕ್ಕೆ, ಯಾವ ಭಾಗಕ್ಕೆ ಯಾವ ಹೆಸರು ಎಂಬುದನ್ನು ಅಜ್ಜ ಅಜ್ಜಿಯರನ್ನು ಕೇಳಿ ಒಂದು ಪುಟದಲ್ಲಿ ಬರೆಯಲಿ. ಆ ಪುಟಗಳನ್ನು ಶಾಲೆಯಲ್ಲಿ ಹೊಲಿದು ಇಡೋಣ. ಕೆಲವು ಮನೆಗಳು ಅದರಿಂದ ಉಳಿಯಲೂಬಹುದು. ಉಳಿಯದವುಗಳ ಹೆಸರಾದರೂ ಉಳಿದೀತು.